ಯಾರೂ ಕೇಳದ ಸಜ್ಜಾ

ಕಳೆದ ವಾರ ಮಗಳು ಝೋಯಾಳ ಜೊತೆ ಸೈಕಲ್ ತುಳಿಯುತ್ತ ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಡಚ್ ಊರಿನ ಹೊಸ ಬಡಾವಣೆಯ ದಾರಿಯಲ್ಲಿ ಬರುತ್ತಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ತಿರುವಿನಲ್ಲಿ ಕಾದ ಮರದ ವಾಸನೆ ಮೂಗಿಗೆ ಬಡಿಯಿತು. ಬಡಗಿ ಈಗಷ್ಟೇ ಉಜ್ಜುಗೊರಡು ಹಿಡಿದು ಎದ್ದು ಹೋದಂಥ ವಾಸನೆ. ಬ್ರೇಕ್ ಹಾಕಿದೆ. ಸಾಲಾಗಿ ನಿಂತ ಮನೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳ ಸಜ್ಜಾ. ಅದರ ನೆರಳಿನಲ್ಲಿ ಬೆಂಚು ಹಾಕಿಕೊಂಡು ಒಬ್ಬ ಅಜ್ಜಿ ಬಿಳಿ ಆಸ್ಪರಾಗಸ್ ದಂಟಿನ ಸಿಪ್ಪೆ ತೆಗೆಯುತ್ತಿದ್ದರು. ನನ್ನನ್ನು ನೋಡಿ ಕೈಯಲ್ಲಿದ್ದ ಚಾಕುವನ್ನೇ ಎತ್ತಿ ನಮಸ್ಕಾರ ಹೇಳಿದರು. ನಾನೂ ಕೈ ಎತ್ತಿದೆ. ಈ ನೆರಳು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು ಎಂಬ ಜಂಬದಲ್ಲಿ ಸ್ವಲ್ಪ ಹೆಚ್ಚೇ ಎತ್ತಿದೆ ಅನ್ನಿಸುತ್ತದೆ.

"ಮಮಾ, ಕೊಮ್ ನೌ!" ಬಾರಮ್ಮ ಬೇಗ, ಎಂದು ಝೋಯಾ ಮುಂದಿನಿಂದ ಕೂಗಿದಳು. ಅವಳಿಗೆ ಮನೆಗೆ ಹೋಗಿ ಅರ್ಥಶಾಸ್ತ್ರದ ಹೋಮ್‌ವರ್ಕ್ ಮುಗಿಸುವ ಅವಸರ. ಸೇವಾ ಕ್ಷೇತ್ರಗಳನ್ನು ಹೊರದೇಶದ ವ್ಯಾಪಾರಕ್ಕೆ ತೆರೆದರೆ ಆರ್ಥಿಕ ಬೆಳವಣಿಗೆ ಆಗುತ್ತದೆಯೇ, ಉದಾಹರಣೆ ಕೊಟ್ಟು ವಿವರಿಸಿ, ಅಂತ ಪ್ರಶ್ನೆಯಂತೆ. ಉದಾಹರಣೆ ಇಲ್ಲೇ ನಿಂತಿದೆ ನೋಡು, ಅಂತ ದಾರಿಯುದ್ದಕ್ಕೂ ಹೇಳುತ್ತ ಬಂದೆ. ಮನೆ ಮುಟ್ಟಿದ ಮೇಲೆ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಕಥೆ ಚೆನ್ನಾಗಿದೆ, ಆದರೆ ಅರ್ಧ ಪುಟಕ್ಕೆ ಬಹಳ ಉದ್ದವಾಯಿತು. ಸರಿ, ಅರ್ಧ ಪುಟದ ಕಟ್ಟುಪಾಡು ನನಗಿಲ್ಲವಲ್ಲ. ಅವಳು ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಅದು ಕೊರೊನಾ ಕಳೆದು ಊರೆಲ್ಲ ಮತ್ತೆ ಉಸಿರಾಡತೊಡಗಿದ್ದ ವರ್ಷ. ನಾನು ಐಂಡ್‌ಹೋವನ್‌ನ ಒಂದು ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ಹಳೆಯ ಕಾರ್ಖಾನೆಯೊಂದನ್ನು ಒರೆಸಿ ಒಪ್ಪ ಮಾಡಿ ಆಫೀಸು ಮಾಡಿದ ಜಾಗ. ಇಡೀ ದೇಶಕ್ಕೆ ಮನೆಗಳ ಬರ. ಮನೆ ಕಟ್ಟಿಸುವ ಸಂಸ್ಥೆಗಳು ನಕ್ಷೆ ಮಾಡಿಕೊಡಿ ಎಂದು ಬೆನ್ನು ಬಿದ್ದಿದ್ದವು. ನಕ್ಷೆ ಬರೆಯುವ ಕೈಗಳೇ ಸಾಲದೆ ನಮ್ಮ ಒಡತಿ ಮರೀಕೆ ಬಂದ ಕೆಲಸವನ್ನು ವಾಪಸು ಕಳಿಸುತ್ತಿದ್ದಳು. ಎತ್ತರದ ಹೆಂಗಸು, ಚೀಸ್ ಇಟ್ಟ ಬ್ರೆಡ್ಡನ್ನು ನಡೆಯುತ್ತಲೇ ತಿಂದು ಮುಗಿಸುವವಳು. ಒಂದು ದಿನ ಹಾಗೆ ನಡೆಯುತ್ತಲೇ ನನ್ನ ಮೇಜಿನ ಹತ್ತಿರ ನಿಂತು, "ನಿಮ್ಮ ಊರಲ್ಲಿ ಇದನ್ನು ಮಾಡುವವರು ಯಾರಾದರೂ ಇದ್ದಾರಾ?" ಎಂದು ಕೇಳಿದಳು.

ಇದ್ದಳು. ಸುನಂದಾ, ಕಲಬುರಗಿಯ ಕಾಲೇಜಿನಲ್ಲಿ ಸಿವಿಲ್ ಓದುವಾಗ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು. ನಾನು ಇರ್ಫಾನ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಅವಳು ಊರಲ್ಲೇ ನಿಂತು, ಚಿಕ್ಕಪ್ಪನ ಟೈರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಡ್ರಾಯಿಂಗ್ ಆಫೀಸು ತೆರೆದಳು. ಊರು ಬಿಟ್ಟು ಕಳಿಸಲು ಮನೆಯವರು ಒಪ್ಪದ ಏಳೆಂಟು ಎಂಜಿನಿಯರ್ ಹುಡುಗಿಯರು ಅವಳ ಹತ್ತಿರ ಕೆಲಸಕ್ಕಿದ್ದರು. ಕೆಲಸ ಅಂದರೆ, ಬೇರೆ ಯಾರೋ ಬರೆದ ಮನೆ ನಕ್ಷೆಯಲ್ಲಿ ವಾಸ್ತು ಪ್ರಕಾರ ಅಡುಗೆಮನೆಯನ್ನು ಆ ಮೂಲೆಯಿಂದ ಈ ಮೂಲೆಗೆ ಸರಿಸುವುದು. ಕಲಿತ ವಿದ್ಯೆಗೆ ತುಕ್ಕು ಹಿಡಿಯುತ್ತಿತ್ತು.

ಫೋನ್ ಮಾಡಿದಾಗ ಅವಳು ಮೊದಲು ನಂಬಲಿಲ್ಲ.

"ಅಲ್ಲ ನಸೀಮಾ, ನಿಮ್ಮ ಡಚ್ ಮಂದಿ ಮನಿ ನಕ್ಷಾ ನಮ್ಮ ಸೇಡಂ ರೋಡಿನ್ಯಾಗ ಕುಂತು ಬರೀಬೇಕಾ? ಚಾಷ್ಟಿ ಮಾಡ್ಲತ್ತೀ ಏನು?"

"ಚಾಷ್ಟಿ ಅಲ್ಲೇ. ಬರೀತೀ ಇಲ್ಲ ಹೇಳು."

"ಬರೀತೀನಿ ತಗೊ. ಅಲ್ಲಿ ಅಡಗಿಮನಿ ಆಗ್ನೇಯಕ್ಕ ಇರಬೇಕಂತೇನಿಲ್ಲ ಹೌದಲ್ಲ? ಅಷ್ಟ ಸಾಕು ನನಗ."

ಹೀಗೆ ಶುರುವಾಯಿತು. ಸರಕು ಹಡಗಿನಲ್ಲಿ ಬರುತ್ತದೆ, ಬಂದರಿನಲ್ಲಿ ಇಳಿಯುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ಈ ವ್ಯಾಪಾರಕ್ಕೆ ಹಡಗೂ ಇಲ್ಲ, ಬಂದರೂ ಇಲ್ಲ. ಇಲ್ಲಿ ನಮ್ಮ ಬ್ರಬಾಂಟ್ ಸೀಮೆಯಲ್ಲಿ ಸಂಜೆಯಾದಾಗ ಕಳಿಸಿದ ಕೆಲಸ ಬೆಳಿಗ್ಗೆ ಮುಗಿದು ಕೂತಿರುತ್ತಿತ್ತು. ಇಲ್ಲಿನ ಇಟ್ಟಿಗೆ, ಮರದ ಗೋಡೆ, ನೀರು ಉಕ್ಕುವ ನೆಲದಲ್ಲಿ ಹಾಕುವ ಪಾಯ, ಎಲ್ಲವನ್ನೂ ಆ ಹುಡುಗಿಯರು ಒಂದು ಚಳಿಗಾಲದಲ್ಲಿ ಅರೆದು ಕುಡಿದರು. ಮರೀಕೆ ಬಂದ ಕೆಲಸವನ್ನು ವಾಪಸು ಕಳಿಸುವುದನ್ನು ನಿಲ್ಲಿಸಿದಳು.

ಆದರೆ ಯೋರಿಸ್ ನನ್ನ ಜೊತೆ ಮಾತು ಕಡಿಮೆ ಮಾಡಿದ. ಯೋರಿಸ್ ನಮ್ಮ ಹಿರಿಯ ಎಂಜಿನಿಯರ್, ತಲೆ ಪೂರ್ತಿ ಬೆಳ್ಳಗಾದವನು. ಕಂಪ್ಯೂಟರಿನ ಮುಂದೆ ಕೂತರೂ ಕಿವಿಯ ಮೇಲೊಂದು ಪೆನ್ಸಿಲ್ ಇರಲೇಬೇಕು. ಅವನ ಎದುರಿನ ಎರಡು ಕುರ್ಚಿಗಳು ಖಾಲಿ ಬಿದ್ದಿದ್ದವು. ಅದೇ ಕೆಲಸ ಕಲಬುರಗಿಯಲ್ಲಿ ಅಗ್ಗಕ್ಕೆ ಆಗುತ್ತಿದ್ದರಿಂದ, ಅಲ್ಲಿ ಕೂರುತ್ತಿದ್ದ ಇಬ್ಬರು ನಕ್ಷೆಗಾರರ ಒಪ್ಪಂದವನ್ನು ಮರೀಕೆ ಮುಂದುವರಿಸಿರಲಿಲ್ಲ. ಒಂದು ದಿನ ಕಾಫಿ ಯಂತ್ರದ ಹತ್ತಿರ ಅವನು ಮುಖಕ್ಕೆ ಹೊಡೆದಂತೆ ಹೇಳಿದ: "ನಸೀಮಾ, ನನಗೆ ನಿನ್ನ ಮೇಲೆ ಕೋಪವಿಲ್ಲ. ಆದರೆ ನಾಳೆ ಮೂರನೇ ಕುರ್ಚಿ ನನ್ನದು." ಈ ಜನ ಹೀಗೆಯೇ, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಹೊತ್ತು ಬೇಕಾಗಿಲ್ಲ. ನಾನು ಕಾಫಿ ಲೋಟ ಎತ್ತಿಕೊಂಡು ನನ್ನ ಮೇಜಿಗೆ ವಾಪಸಾದೆ.

ಮೀಟಿಂಗಿನಲ್ಲಿ ಮಾತ್ರ ನಮ್ಮವರು ಮಣ್ಣಿನ ಬೊಂಬೆಗಳಾಗುತ್ತಿದ್ದರು. ವಾರಕ್ಕೊಮ್ಮೆ ಪರದೆಯ ಮೇಲೆ ಸುನಂದಾ, ಹಿಂದೆ ಹುಡುಗಿಯರ ಸಾಲು. ಯೋರಿಸ್ "ಪ್ರಶ್ನೆ ಇದೆಯಾ?" ಅಂದರೆ "ನೋ ಸರ್." "ಅರ್ಥ ಆಯ್ತಾ?" ಅಂದರೆ "ಯೆಸ್ ಸರ್." ಕಾಲೇಜಿನಲ್ಲಿ ಪ್ರಿನ್ಸಿಪಾಲರ ಜೊತೆಗೇ ಜಗಳ ತೆಗೆದಿದ್ದ ಸುನಂದಾ ಇವಳೇನಾ ಅಂತ ನನಗೆ ಸಿಟ್ಟು ಬರುತ್ತಿತ್ತು. ಯೋರಿಸ್ ಇನ್ನೂ ಉರಿಯುತ್ತಿದ್ದ. ತಲೆಯಾಡಿಸುವ ಜನರ ಜೊತೆ ಮನೆ ಕಟ್ಟಲಾಗುವುದಿಲ್ಲ ಎಂದು ನನಗೆ ಕೇಳುವಂತೆಯೇ ಗೊಣಗುತ್ತಿದ್ದ.

ಜುಲೈ ತಿಂಗಳಲ್ಲಿ ಆ ಸಜ್ಜಾ ಬಂತು.

ಬೆಸ್ಟ್‌ನಲ್ಲಿ ಕಟ್ಟುವ ಸಾಲುಮನೆಗಳ ಕೆಲಸ ಅದು. ಗೋಡೆಗಳನ್ನು ಮರದಲ್ಲಿ ಮಾಡಿಕೊಡುವ ಕಾರ್ಖಾನೆಗೆ ನಕ್ಷೆ ಹೋಗಿತ್ತು. ಅಲ್ಲಿಂದ ಮರೀಕೆಗೆ ಫೋನ್ ಬಂತು: ಎಲ್ಲ ದಕ್ಷಿಣದ ಕಿಟಕಿಗಳ ಮೇಲೆ ಗೋಡೆಯಿಂದ ಹೊರಗೆ ಚಾಚಿದ ಹಲಗೆ ಇದೆಯಲ್ಲ, ಏನದು? ಮರೀಕೆ ನಕ್ಷೆ ತೆರೆದು ನೋಡಿದಳು, ನಾನೂ ಬಗ್ಗಿ ನೋಡಿದೆ. ನಮ್ಮ ಕಡೆ ಯಾವ ಮನೆಗಾದರೂ ಇರುವಂಥ ಸಜ್ಜಾ! ಮಳೆ ಬಿಸಿಲಿಗೆ ಅಡ್ಡವಾಗಿ ಕಿಟಕಿಯ ನೆತ್ತಿಯ ಮೇಲೆ ಅಚ್ಚುಕಟ್ಟಾಗಿ ಕೂತಿದೆ. ವರ್ಷದಲ್ಲಿ ಮುಕ್ಕಾಲು ಪಾಲು ಸೂರ್ಯನ ಮುಖಕ್ಕಾಗಿ ಹಂಬಲಿಸುವ ದೇಶದ ಕಿಟಕಿಗೆ!

ಇಲ್ಲಿ 'ಅಫ್‌ಸ್ಪ್ರಾಕ್' ಅಂತ ಒಂದು ಮಾತಿದೆ. ಮೊದಲೇ ಕೂತು ಮಾಡಿಕೊಂಡ ಒಪ್ಪಂದ ಅಂತ ಅರ್ಥ. ದಂತವೈದ್ಯರಿಂದ ಹಿಡಿದು ಗೆಳತಿಯ ಮನೆಯ ಚಹಾದವರೆಗೆ ಎಲ್ಲಕ್ಕೂ ಅದು ಬೇಕು. ಅದನ್ನು ಮೀರಿದವರನ್ನು ಇವರು ಸುಲಭಕ್ಕೆ ಕ್ಷಮಿಸುವುದಿಲ್ಲ. ಯಾರೂ ಕೇಳದ್ದನ್ನು ಬರೆದು, ಯಾರಿಗೂ ಹೇಳದೆ ಕಳಿಸಿದ್ದು ಮರೀಕೆಯ ಕಣ್ಣಿಗೆ ತಪ್ಪಿಗಿಂತ ದೊಡ್ಡದಾಗಿ ಕಂಡಿತು. "ತಪ್ಪು ಮಾಡಿದರೆ ತಿದ್ದಬಹುದು. ಹೇಳದೆ ಮಾಡಿದರೆ ನಾನು ಹೇಗೆ ನಂಬಲಿ?" ಎಂದಳು. ಗುರುವಾರದ ಮೀಟಿಂಗಿನಲ್ಲಿ ಅವರು ಸರಿಯಾದ ಕಾರಣ ಕೊಡದಿದ್ದರೆ ಕಲಬುರಗಿಯ ಕೆಲಸ ಆ ತಿಂಗಳಿಗೇ ಮುಗಿಯಿತು ಎಂದೂ ಹೇಳಿದಳು. ಯೋರಿಸ್ ಖಾಲಿ ಕುರ್ಚಿಗಳ ಕಡೆ ಒಮ್ಮೆ ನೋಡಿದ, ಅಷ್ಟೇ.

ಊಟದ ಹೊತ್ತಿನಲ್ಲಿ ಹೊರಗೆ ಮರದಡಿ ನಿಂತು ಸುನಂದಾಳಿಗೆ ಫೋನ್ ಮಾಡಿದೆ. ಸಿಟ್ಟಿನಲ್ಲಿ ಹೇಗಿದ್ದೀ ಎಂದೂ ಕೇಳಲಿಲ್ಲ.

"ಆ ಸಜ್ಜಾ ಯಾರ್ ಹಾಕಂದ್ರೇ ನಿನಗ?"

"ಯಾರೂ ಹೇಳಿಲ್ಲ. ಹೇಳಬೇಕೇನ? ನೀ ಕಿಡಕಿ ನೋಡಿದಿ ಇಲ್ಲೋ? ದಕ್ಷಿಣಕ್ಕ ಮುಖಾ ಮಾಡಿ ಬಾಗಲದಷ್ಟು ದೊಡ್ಡ ಗಾಜು ಇಟ್ಟಾರ. ಮೊದಲಿನ ನಕ್ಷಾದಾಗ ಹೊರಗ ಪರದಾ ಇದ್ವು. ಬಟನ್ ಒತ್ತಿದ್ರ ಇಳೀತಾವಲ್ಲ, ಅವು. ಎರಡನೇದ್ರಾಗ ತೆಗದ ಬಿಟ್ಟಾರ. ಆ ಮನ್ಯಾಗ ಮಂದಿ ಬೇಯ್ತಾರ ನಸೀಮಾ."

ಮನೆ ಕಟ್ಟಿಸುವ ಸಂಸ್ಥೆ ಖರ್ಚು ಉಳಿಸಲೆಂದು ವಸಂತದಲ್ಲಿ ಆ ಹೊರಪರದೆಗಳನ್ನು ಕೈಬಿಟ್ಟದ್ದು ನಿಜ. ಹೊಸ ಮನೆ ಬೇಸಿಗೆಯಲ್ಲಿ ಎಷ್ಟು ಕಾಯುತ್ತದೆ ಎಂದು ಇಲ್ಲಿ ಲೆಕ್ಕ ತೋರಿಸಲೇಬೇಕು. ಆ ಲೆಕ್ಕವನ್ನು ಪರದೆ ಇದೆ ಎಂದುಕೊಂಡೇ ಮಾಡಿದ್ದೆವು. ಆಮೇಲೆ ಅದನ್ನು ಮತ್ತೆ ನೋಡಿದವರು ಯಾರೂ ಇಲ್ಲ. ನಾನೂ ನೋಡಿರಲಿಲ್ಲ.

"ಮತ್ತ ಅದನ್ನ ಬಾಯಿ ಬಿಟ್ಟು ಕೇಳಬೇಕಿತ್ತಲ್ಲ?"

"ಏನಂತ ಕೇಳ್ಲಿ? ಅಷ್ಟು ದೊಡ್ಡ ಮನಷ್ಯಾ, ತಲಿ ಬೆಳ್ಳಗಾದಾವ. ನಿಮ್ಮದು ತಪ್ಪಾಗ್ಯದ ಅಂತ ಎಲ್ಲಾರ ಮುಂದ ಅಂವಗ ಅನ್ಲೇನು? ನಮಗ ಬಾಯಿ ಬರಲಿಲ್ಲ. ಸುಮ್ಮ ಸಜ್ಜಾ ಬರದ್ವಿ. ನೋಡಿದ್ರ ಅವರಿಗೇ ತಿಳೀತದ ಅಂತ."

ಇದನ್ನು ನಾನು ಯಾವ ಡಚ್ಚರಿಗೂ ವಿವರಿಸಲಾರೆ, ಆದರೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಗಳಲ್ಲಿ ಹಿರಿಯರು ಮಾಡಿದ ಸಾರಿಗೆ ಉಪ್ಪು ಕಡಿಮೆಯಾದರೆ ಯಾರೂ ತುಟಿ ಬಿಚ್ಚುವುದಿಲ್ಲ. ಸೊಸೆ ಸದ್ದಿಲ್ಲದೆ ಉಪ್ಪಿನ ಬಟ್ಟಲು ತಂದಿಡುತ್ತಾಳೆ. ಹಿರಿಯರ ಮಾನವೂ ಉಳಿಯಿತು, ಸಾರೂ ಉಳಿಯಿತು. ಸುನಂದಾ ಐಂಡ್‌ಹೋವನ್‌ಗೆ ಉಪ್ಪಿನ ಬಟ್ಟಲು ಕಳಿಸಿದ್ದಳು. ಪಾಪ, ಇಲ್ಲಿ ಅದನ್ನು ಕಳ್ಳತನ ಅಂದುಕೊಂಡರು.

"ಗುರುವಾರ ಇದನ್ನೇ ಹೇಳು. ಹಿಂಗೇ ಹೇಳು," ಎಂದೆ.

"ನೀನೇ ಹೇಳೇ. ನಿನಗ ಅವರ ಮಾತೂ ಬರ್ತದ, ನಮ್ಮದೂ ಬರ್ತದ."

ಮರೀಕೆಯೂ ಅದನ್ನೇ ಹೇಳಿದಳು. ಮನೆಯಲ್ಲಿ ಇರ್ಫಾನ್ ಕೂಡ, "ತೂಚ್ ಬೋಲ್ ಡಾಲ್ ನಾ, ದೋ ಮಿನಿಟ್ ಕಾ ಕಾಮ್," ನೀನೇ ಹೇಳಿಬಿಡು, ಎರಡು ನಿಮಿಷದ ಕೆಲಸ, ಎಂದ. ಎರಡು ನಿಮಿಷದ್ದೇ ಕೆಲಸ, ನಿಜ. ನಾನು ಹೇಳಿದ್ದರೆ ಒಪ್ಪಂದ ಉಳಿಯುತ್ತಿತ್ತು ಕೂಡ. ಆದರೆ ಸುನಂದಾ ಮತ್ತು ಹುಡುಗಿಯರು ಎಂದೆಂದಿಗೂ ನನ್ನ ಬೆನ್ನ ಹಿಂದಿನ ಕೈಗಳಾಗಿಯೇ ಉಳಿಯುತ್ತಿದ್ದರು. ಅವರ ಬುದ್ಧಿಗೆ ನಾನು ವಕೀಲಿಕೆ ಮಾಡುವುದು ನನಗೆ ಒಗ್ಗಲಿಲ್ಲ. ನಾನು ಹಟಮಾರಿ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಸುನಂದಾಳಿಗೆ ಮತ್ತೆ ಫೋನ್ ಮಾಡಿ ಹೇಳಿದೆ: "ನಾ ಹೇಳಂಗಿಲ್ಲ. ನೀ ಹೇಳಿದ್ರ ಆಫೀಸು ಉಳೀತದ, ಇಲ್ಲಂದ್ರ ಇಲ್ಲ." ಅವಳು ಫೋನ್ ಇಟ್ಟುಬಿಟ್ಟಳು. ಹಟ ಸಾಧಿಸಲು ಹೋಗಿ ಅಷ್ಟು ಜನರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನಾ ಎಂಬ ಹೆದರಿಕೆ ಗುರುವಾರದವರೆಗೂ ಬಿಡಲಿಲ್ಲ.

ಆ ಗುರುವಾರದಂಥ ಸೆಕೆಯನ್ನು ನಾನು ಈ ದೇಶದಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ. ಅಂಗಡಿಗಳಲ್ಲಿ ಫ್ಯಾನ್‌ಗಳು ಖಾಲಿ. ರೈಲು ಹಳಿಗಳು ಕಾದಿವೆ, ನಿಧಾನವಾಗಿ ಹೋಗುತ್ತೇವೆ ಎಂದು ನಿಲ್ದಾಣದಲ್ಲಿ ಘೋಷಣೆ. ನಮ್ಮ ಹಳೆಯ ಕಾರ್ಖಾನೆ ಹೆಂಚಿನಂತೆ ಕಾದಿತ್ತು. ಮರೀಕೆ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಯೋರಿಸ್‌ನ ಮುಖ ಬೀಟ್‌ರೂಟ್ ಆಗಿತ್ತು. ಪರದೆಯ ಮೇಲೆ ಮಾತ್ರ ಕಲಬುರಗಿಯಲ್ಲಿ ಮಳೆ ಹೊಡೆದು ತಂಪಾಗಿ, ಒಬ್ಬ ಹುಡುಗಿ ಸ್ವೆಟರ್ ಹಾಕಿಕೊಂಡಿದ್ದಳು. ಬಿಸಿಲೂರಿನವರು ತಣ್ಣಗೆ ಕೂತು ಬೆವರುವ ಐಂಡ್‌ಹೋವನ್ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಸುನಂದಾ ಬರೆದಿಟ್ಟುಕೊಂಡಿದ್ದ ಇಂಗ್ಲಿಷನ್ನು ಓದತೊಡಗಿದಳು. ಉಂಟಾದ ತೊಂದರೆಗಾಗಿ ವಿಷಾದಿಸುತ್ತೇವೆ, ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇವೆ. ಪಂಚಾಯಿತಿಗೆ ಬರೆಯುವ ಅರ್ಜಿಯ ಧಾಟಿ. ಮರೀಕೆ ತಲೆ ತಗ್ಗಿಸಿ ಏನೋ ಗುರುತು ಹಾಕಿಕೊಂಡಳು. ಮುಗಿಯಿತು ಅಂದುಕೊಂಡೆ. ನನ್ನ ಬಾಯಿ ನನ್ನ ಮಾತು ಕೇಳದೆ ತೆರೆಯಹೊರಟಿತ್ತು, ತುಟಿ ಕಚ್ಚಿ ಹಿಡಿದೆ.

ಅಷ್ಟರಲ್ಲಿ ಯೋರಿಸ್ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. ಸುನಂದಾ ಓದುವುದನ್ನು ನಿಲ್ಲಿಸಿದಳು. ಅವಳು ಅವನನ್ನೇ ನೋಡುತ್ತಿದ್ದಳು. ಹಾಳೆ ಕೆಳಗಿಟ್ಟಳು, ಚಷ್ಮಾ ತೆಗೆದಳು. ಕಾಲೇಜಿನಲ್ಲಿ ಜಗಳಕ್ಕೆ ಮೊದಲು ಹಾಗೆಯೇ ತೆಗೆಯುತ್ತಿದ್ದಳು.

"ಸರ್," ಎಂದಳು ಇಂಗ್ಲಿಷಿನಲ್ಲಿ, "ನಿಮಗೆ ಈಗ ಎಷ್ಟು ಸೆಕೆಯಾಗುತ್ತಿದೆಯೋ, ಆ ಮನೆಯಲ್ಲಿ ಇದಕ್ಕಿಂತ ಹೆಚ್ಚಾಗುತ್ತದೆ. ಹೊರಗಿನ ಪರದೆ ತೆಗೆದಿದ್ದೀರಿ. ಲೆಕ್ಕ ಮತ್ತೆ ಮಾಡಿಲ್ಲ. ಅದಕ್ಕೆ ನಾವು ನೆರಳು ಹಾಕಿದೆವು. ನೆರಳು ಹಾಕಿದ್ದು ತಪ್ಪಲ್ಲ. ನಿಮ್ಮನ್ನು ಕೇಳದೇ ಹಾಕಿದ್ದು ತಪ್ಪು."

ಯೋರಿಸ್ ಲ್ಯಾಪ್‌ಟಾಪ್ ಎಳೆದುಕೊಂಡ. ಮೊದಲ ನಕ್ಷೆ, ಎರಡನೆಯ ನಕ್ಷೆ, ಲೆಕ್ಕ ಎಲ್ಲವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದ. ನಮ್ಮನ್ನೆಲ್ಲ ಹಾಗೇ ಕಾಯಿಸಿ, ಕೊನೆಗೆ, "ಕ್ಲೊಪ್ಟ್," ಎಂದ. ಸರಿಯಾಗಿದೆ ಅಂತ ಅರ್ಥ. ಈ ಜನ ಬಾಯಿ ತುಂಬ ಹೊಗಳುವವರಲ್ಲ, ಅವರ ಒಂದು 'ಕ್ಲೊಪ್ಟ್' ನಮ್ಮ ಹತ್ತು ಹಾರಕ್ಕೆ ಸಮ. ನನ್ನ ಕಣ್ಣಲ್ಲಿ ನೀರು ಬಂತು. ಬೆವರು ಅಂದುಕೊಳ್ಳಲಿ ಅಂತ ಒರೆಸಿಕೊಳ್ಳಲೂ ಹೋಗಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಯೋರಿಸ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕ್ಯಾಮೆರಾ ಮುಂದೆ ಕಾಗದ ಹಿಡಿದ. "ಆದರೆ ನಿಮ್ಮ ಸಜ್ಜಾ ಗಿಡ್ಡವಾಯಿತು. ನಿಮ್ಮಲ್ಲಿ ಸೂರ್ಯ ತಲೆಯ ಮೇಲೆ ನಿಲ್ಲುತ್ತಾನೆ. ಇಲ್ಲಿ ನಡು ಬೇಸಿಗೆಯಲ್ಲೂ ಓರೆಯಾಗಿ ಬರುತ್ತಾನೆ. ಜುಲೈಯಲ್ಲಿ ಊಟ ಮುಗಿದ ಮೇಲೂ ಪಶ್ಚಿಮದ ಕಿಟಕಿಯಿಂದ ಹೋಗುವುದಿಲ್ಲ." ರಾತ್ರಿ ಊಟದ ನಂತರವೂ ಸುಡುವ ಬಿಸಿಲು ಎಂದದ್ದನ್ನು ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದರು. ಸಜ್ಜಾವನ್ನು ಉದ್ದ ಮಾಡಬೇಕು, ಆದರೆ ಗಟ್ಟಿ ಹಲಗೆ ಬೇಡ, ನವೆಂಬರಿನ ಬೂದಿ ಬೆಳಕನ್ನೂ ಅದು ನುಂಗಿಬಿಡುತ್ತದೆ, ಎಂದ. ಸುನಂದಾ ಬಿಡಲಿಲ್ಲ. ಹಾಗಾದರೆ ಪಟ್ಟಿ ಪಟ್ಟಿಯಾಗಿ ಮಾಡೋಣ, ನಡುವೆ ಸಂದು ಬಿಡೋಣ ಎಂದಳು. ಅವನು ಪಟ್ಟಿಗಳನ್ನು ಓರೆಯಾಗಿ ತಿರುಗಿಸಿ ಬರೆದ. ಮರೀಕೆಗೂ ನನಗೂ ಆ ಮಾತಿನ ನಡುವೆ ಜಾಗವೇ ಸಿಗಲಿಲ್ಲ. ಅವನಿಗೆ ಈ ದೇಶದ ಚಳಿಗಾಲ ಗೊತ್ತು, ಅವಳಿಗೆ ಬಿಸಿಲು ಗೊತ್ತು. ಹುಟ್ಟಿಕೊಂಡ ಆ ಮರದ ಸಜ್ಜಾವನ್ನು ಇಬ್ಬರಲ್ಲಿ ಯಾರೊಬ್ಬರಿಗೂ ಒಂಟಿಯಾಗಿ ಬರೆಯಲಾಗುತ್ತಿರಲಿಲ್ಲ.

ಮನೆ ಕಟ್ಟಿಸುವ ಸಂಸ್ಥೆಯವರನ್ನು ಮರೀಕೆ ಒಪ್ಪಿಸಿದಳು. ಮುನಿಸಿಪಾಲಿಟಿ, ಇಲ್ಲಿನ ಮಾತಿನಲ್ಲಿ ಖೆಮೇಂತೆ, ಹೊಸ ಲೆಕ್ಕ ನೋಡಿ ಒಪ್ಪಿಗೆ ಕೊಟ್ಟಿತು. ಕಲಬುರಗಿಯ ಕೆಲಸ ಉಳಿಯಿತು. ಮರೀಕೆ ಹಾಕಿದ ಷರತ್ತು ಒಂದೇ, ಮನಸ್ಸಿಗೆ ಬಂದದ್ದನ್ನು ಮೀಟಿಂಗಿನಲ್ಲೇ ಹೇಳಬೇಕು.

ಆ ಶರತ್ಕಾಲವನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಪ್ರತಿ ವಾರ ಯೋರಿಸ್ ಪರದೆಯ ಮುಂದೆ ಕೂತು, "ನನ್ನದರಲ್ಲಿ ಏನು ತಪ್ಪಿದೆ?" ಎಂದು ಕೇಳುತ್ತಿದ್ದ. ಮೊದಲ ಸಲ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಎರಡನೇ ಸಲ ಒಬ್ಬಳು ಬಾಗಿಲು ತೆರೆದರೆ ಮೆಟ್ಟಿಲಿಗೆ ತಾಗುತ್ತದೆ ಎಂದಳು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಮಳೆನೀರಿನ ಕೊಳವೆ ಸಣ್ಣದಾಯಿತು ಎಂದರು, ತೊಲೆ ಎರಡು ಕಡೆ ಎರಡು ಅಳತೆಯಲ್ಲಿದೆ ಎಂದರು, ಒಂದು ಸಲ ಕಕ್ಕಸಿನ ಕಿಟಕಿ ಪಕ್ಕದ ಮನೆಯ ಊಟದ ಮೇಜನ್ನು ನೋಡುತ್ತಿದೆ, ನಾಚಿಕೆಯಾಗುವುದಿಲ್ಲವೇ ಸರ್ ಎಂದರು. ಯೋರಿಸ್ ನನ್ನ ಹತ್ತಿರ ಬಂದು ದೂರು ಹೇಳುತ್ತಿದ್ದ, ಈ ಹೆಂಗಸರು ನನ್ನ ಪ್ರಾಣ ತಿನ್ನುತ್ತಾರೆ ಅಂತ. ಆ ದೂರಿನಲ್ಲಿದ್ದ ಖುಷಿಯನ್ನು ನಾನೇನು ಅರಿಯದವಳಲ್ಲ.

ಝೋಯಾಳ ಪುಸ್ತಕ ಸೇವೆಗಳನ್ನು ತೆರೆದರೆ ಪೈಪೋಟಿ ಹೆಚ್ಚುತ್ತದೆ, ಜ್ಞಾನ ಹರಡುತ್ತದೆ, ಬೆಳವಣಿಗೆ ಆಗುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸುತ್ತದೆ. ಬಾಣಗಳು ಸುಳ್ಳಲ್ಲ. ಆದರೆ ಮೊದಲ ಅರ್ಧ ವರ್ಷ ನಾವೂ ಬಾಗಿಲು ತೆರೆದಿದ್ದೇವೆ ಎಂದೇ ತಿಳಿದಿದ್ದೆವು. ತೆರೆದದ್ದು ಕಿಂಡಿ ಮಾತ್ರ. ಅದರಲ್ಲಿ ಅವರ ಕೈ ತೂರುತ್ತಿತ್ತು, ತಲೆ ತೂರುತ್ತಿರಲಿಲ್ಲ. ಆಗ ನಮಗೆ ಖರ್ಚು ಉಳಿಯಿತು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅವರು ಬೇಡ ಅನ್ನಬಲ್ಲವರಾದ ಮೇಲೆ ನಮ್ಮ ನಕ್ಷೆಗಳೇ ಬದಲಾದವು. ಬೇಸಿಗೆಯಲ್ಲಿ ಕಾಯದ ಮನೆ ಬೇಕೆಂದು ಬೇರೆ ಊರಿನವರೂ ನಮ್ಮನ್ನು ಹುಡುಕಿ ಬಂದರು. ಕಟ್ಟುವ ಜಾಗದಲ್ಲಿ ನಿಂತು ನೋಡಿಕೊಳ್ಳಲು ಮರೀಕೆ ಇಲ್ಲಿನವರನ್ನೇ ಹೊಸದಾಗಿ ತೆಗೆದುಕೊಂಡಳು. ಹಳೆಯ ಇಬ್ಬರು ನಕ್ಷೆಗಾರರಲ್ಲಿ ಒಬ್ಬ ಹಾಗೆ ವಾಪಸು ಬಂದ. ಇನ್ನೊಬ್ಬ ಬರಲಿಲ್ಲ. ತಿಲ್ಬರ್ಗ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ ಎಂದು ಯೋರಿಸ್ ಹೇಳಿದ. ಬೆಳವಣಿಗೆಯ ಮಾತು ಬಂದಾಗಲೆಲ್ಲ ಅವನನ್ನೂ ನೆನೆಯುತ್ತೇನೆ. ನನ್ನ ಹೆಮ್ಮೆಗೆ ಅದೊಂದು ಮುಳ್ಳು, ಇರಲಿ ಅಂತ ಬಿಟ್ಟಿದ್ದೇನೆ.

ಅತ್ತ ಕಲಬುರಗಿಯಲ್ಲಿ ಸುನಂದಾ ಟೈರ್ ಅಂಗಡಿಯ ಮಾಳಿಗೆ ಸಾಲದೆ ಪಕ್ಕದ ಮಾಳಿಗೆಯನ್ನೂ ಹಿಡಿದಳು. ವಾಸ್ತು ನೋಡಿ ಅಡುಗೆಮನೆ ಸರಿಸುತ್ತಿದ್ದ ಹುಡುಗಿಯರು ಈಗ ಒಂದು ಕಟ್ಟಡವನ್ನು ಪಾಯದಿಂದ ಸೂರಿನವರೆಗೆ ತಾವೇ ಬರೆಯಬಲ್ಲವರಾಗಿದ್ದರು. ಊರಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಒಂದು ವಿದ್ಯಾಸಂಸ್ಥೆಯವರು ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸಬೇಕು, ನೀವೇ ಪೂರ್ತಿ ಮಾಡಿಕೊಡಿ ಎಂದು ಮಾಳಿಗೆ ಹತ್ತಿ ಬಂದರು. ಅದನ್ನು ಹೇಳಲು ಫೋನ್ ಮಾಡಿದಾಗ ಸುನಂದಾ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

"ನಮ್ಮ ಊರಾಗ, ನಮ್ಮ ಹೆಸರಿನ್ಯಾಗ, ನಸೀಮಾ!" ಎಂದಳು. ಆಮೇಲೆ ದನಿ ತಗ್ಗಿಸಿ, "ಒಂದ್ ಮಾತು. ಮಳಿ ನೀರು ಹಿಡಿದಿಡೋದು ಹೆಂಗಂತ ನಮಗ ಅಷ್ಟು ಬರಂಗಿಲ್ಲ. ನೀರಿನ ಕೂಡ ಬಾಳೇ ಮಾಡೋದು ನಿಮ್ಮ ದೇಶದವರಿಗೆ ಗೊತ್ತು. ಯೋರಿಸ್ ಸರ್ ನಮಗ ಕೆಲಸಾ ಮಾಡಿ ಕೊಡ್ತಾರೇನು? ಪುಕ್ಕಟೆ ಅಲ್ಲ ಮತ್ತ. ನಿಮ್ಮ ಆಫೀಸಿಗೆ ನಾವು ರೊಕ್ಕಾ ಕೊಟ್ಟು ತಗೊಳ್ಳೋದು."

ಇದನ್ನು ಮರೀಕೆಗೆ ಹೇಳಿದಾಗ ಅವಳ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಕಲಬುರಗಿಯಿಂದ ನಮಗೆ ಕೆಲಸ ಬರುತ್ತದೆ ಎಂಬುದು ಅವಳ ಯಾವ ಲೆಕ್ಕದಲ್ಲೂ ಇರಲಿಲ್ಲ. ಯೋರಿಸ್ ಕೆಲಸ ಒಪ್ಪಿಕೊಂಡು ಎರಡು ವಾರ ತಲೆ ಎತ್ತದೆ ಕೂತ. ಚಾವಣಿಯ ಮೇಲೆ ಮಣ್ಣು, ಹುಲ್ಲು, ನೀರನ್ನು ಮೆಲ್ಲಗೆ ಹೀರಿ ಮೆಲ್ಲಗೆ ಬಿಡುವ ಪದರಗಳು. ಅಷ್ಟು ಚೆಂದದ ನಕ್ಷೆಯನ್ನು ಅವನ ಕೈಯಿಂದ ನಾನು ನೋಡಿರಲಿಲ್ಲ.

ಚಳಿಗಾಲ ಕಳೆದು ಮೊದಲ ಕ್ರೋಕಸ್ ಹೂಗಳು ಕಾಲುದಾರಿಯ ಅಂಚಿನಲ್ಲಿ ಏಳುತ್ತಿದ್ದ ದಿನ ಅದರ ಮೀಟಿಂಗ್. ಅವತ್ತು ಪರದೆಯ ಮೇಲೆ ಸುನಂದಾ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಯೋರಿಸ್ ತನ್ನ ನಕ್ಷೆಯನ್ನು ಪುಟ ಪುಟವಾಗಿ ತೋರಿಸಿ ವಿವರಿಸಿದ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಹುಡುಗಿಯರ ಕಡೆ ತಿರುಗಿ ಕನ್ನಡದಲ್ಲಿ, "ಹೇಳಲೇನ್ರೇ?" ಎಂದಳು. ಹೇಳ್ರಿ ಅಕ್ಕಾರ ಎಂದು ಅವರು ನಕ್ಕರು.

"ಯೋರಿಸ್ ಸರ್, ಇದು ನಡೆಯುವುದಿಲ್ಲ," ಎಂದಳು ಇಂಗ್ಲಿಷಿನಲ್ಲಿ. "ನಿಮ್ಮ ಮಳೆ ವರ್ಷವಿಡೀ ಜಿನುಗುತ್ತದೆ. ನಮ್ಮದು ಹಾಗಲ್ಲ. ತಿಂಗಳುಗಟ್ಟಲೆ ಒಂದು ಹನಿ ಇರುವುದಿಲ್ಲ, ನಿಮ್ಮ ಹುಲ್ಲು ಮೇ ತಿಂಗಳಲ್ಲೇ ಸುಟ್ಟು ಹೋಗುತ್ತದೆ. ಆಮೇಲೆ ಒಂದೇ ಸಂಜೆ ಆಕಾಶ ಕಳಚಿ ಬೀಳುತ್ತದೆ. ಆ ನೀರನ್ನು ಹೀರಬಾರದು. ಓಡಿಸಿಕೊಂಡು ಹೋಗಿ ನೆಲದಡಿ ತುಂಬಿಸಬೇಕು. ಮತ್ತೆ ಬರೆಯಿರಿ."

ಮರೀಕೆ ಯೋರಿಸ್‌ನ ಮುಖ ನೋಡಿದಳು. ನಾನು ಸುನಂದಾಳ ಮುಖದಿಂದ ಕಣ್ಣು ತೆಗೆಯಲಿಲ್ಲ. ನನ್ನ ಗೆಳತಿ, ನನ್ನ ಊರಿನವಳು, ಐಂಡ್‌ಹೋವನ್‌ಗೆ ಕೆಲಸ ಕೊಟ್ಟು, ಆ ಕೆಲಸ ಸರಿಯಿಲ್ಲ ಎಂದು ತಿರುಗಿಸಿ ಕಳಿಸುತ್ತಿದ್ದಾಳೆ. ನನಗೆ ಎದ್ದು ಕುಣಿಯಬೇಕು ಅನ್ನಿಸಿತು.

ಯೋರಿಸ್ ನಕ್ಷೆಯನ್ನು ಇನ್ನೊಮ್ಮೆ ನೋಡಿದ, ಪೂರ್ತಿ ಬೆಳ್ಳಗಾದ ತಲೆ ಕೆರೆದುಕೊಂಡ. ಸರಿ, ಯಾವಾಗ ಬೇಕು ಎಂದು ಕೇಳಿದ.

ಸುನಂದಾ, "ಸೋಮವಾರ," ಎಂದಳು.

ಅವನು ಪೆನ್ಸಿಲ್ ತೆಗೆದು ಅದನ್ನು ಬರೆದುಕೊಂಡ.